ಶೀತವೋ, ಅಲರ್ಜಿಯೋ? ಔಷಧಿಗೆ ಮೊದಲು ಕೇಳಬೇಕಾದ ಪ್ರಶ್ನೆಗಳು

ಕ್ಲಿನಿಕ್‌ನ ಬೆಂಚಿನಲ್ಲಿ ಒಬ್ಬ ತಾಯಿ ಕುಳಿತಿದ್ದಾರೆ. ಪಕ್ಕದಲ್ಲಿ ಆರು ವರ್ಷದ ಮಗ, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಅರ್ಧ ಖಾಲಿಯಾದ ಕೆಮ್ಮಿನ ಸಿರಪ್‌ಗಳು, ಮೂಗಿಗೆ ಬಿಡುವ ಹನಿ, ಎರಡು ಬಗೆಯ ಆ್ಯಂಟಿಬಯೋಟಿಕ್ ಬಾಟಲಿ. "ಡಾಕ್ಟ್ರೇ, ಇವನಿಗೆ ಶೀತ ಬಿಡುವುದೇ ಇಲ್ಲ. ಮಳೆ ಶುರುವಾದಾಗಿನಿಂದ ಮೂಗು ಸೋರುತ್ತಲೇ ಉಂಟು. ಔಷಧಿ ಕೊಟ್ಟರೆ ಎರಡು ದಿನ ಕಡಿಮೆ, ಮತ್ತೆ ಅದೇ ಕಥೆ" ಎನ್ನುತ್ತಾರೆ.

ವೈದ್ಯರು ಚೀಲವನ್ನು ಬದಿಗಿಟ್ಟು ಪ್ರಶ್ನೆ ಕೇಳಲು ಆರಂಭಿಸುತ್ತಾರೆ. ಜ್ವರ ಬಂದಿತ್ತೇ? "ಇಲ್ಲ." ಕಣ್ಣು, ಮೂಗು ತುರಿಸಿಕೊಳ್ಳುತ್ತಾನೆಯೇ? "ಯಾವಾಗಲೂ. ಕೈ ಮೂಗಿನಿಂದ ಕೆಳಗಿಳಿಯುವುದೇ ಇಲ್ಲ." ಯಾವ ಹೊತ್ತಿನಲ್ಲಿ ಜಾಸ್ತಿ? "ಬೆಳಗ್ಗೆ. ನಾವು ಫಜ್ರ್ ನಮಾಝಿಗೆ ಏಳುವಾಗ ಇವನ ಸೀನು ಶುರುವಾಗುತ್ತದೆ. ಶಾಲೆಗೆ ಹೋದ ಮೇಲೆ ಕಡಿಮೆಯಂತೆ." ಎಲ್ಲಿ ಮಲಗುತ್ತಾನೆ? "ಒಳಗಿನ ಕೋಣೆಯಲ್ಲಿ, ಅಜ್ಜಿಯ ಜೊತೆ. ಹಳೆಯ ಹತ್ತಿ ಹಾಸಿಗೆ. ಮಳೆಗಾಲದಲ್ಲಿ ಗೋಡೆ ಸ್ವಲ್ಪ ತೇವ." ಅಜ್ಜಿಗೆ ಶೀತ ಹರಡಿದೆಯೇ? "ಇಲ್ಲ, ಅವರು ಆರಾಮ."

ಐದು ನಿಮಿಷದ ಈ ಮಾತುಕತೆ ಮುಗಿಯುವಷ್ಟರಲ್ಲಿ ವೈದ್ಯರಿಗೆ ಉತ್ತರ ಹೆಚ್ಚುಕಡಿಮೆ ಸಿಕ್ಕಿಬಿಟ್ಟಿರುತ್ತದೆ. ಇದು ಶೀತವಲ್ಲ, ಗಾಳಿಯ ಮೂಲಕ ಬರುವ ಅಲರ್ಜಿ. ಇಂತಹ ತಾಯಂದಿರು ನಮ್ಮ ಯಾವ ಊರಿನ ಕ್ಲಿನಿಕ್‌ನಲ್ಲೂ ಕಾಣಸಿಗುತ್ತಾರೆ. ವೈದ್ಯರು ಕೇಳಿದ ಈ ಪ್ರಶ್ನೆಗಳನ್ನು ನಾವು ಮನೆಯಲ್ಲೇ ಕೇಳಿಕೊಂಡಿದ್ದರೆ ಆ ಚೀಲದ ಅರ್ಧದಷ್ಟು ಬಾಟಲಿಗಳು ಮಗುವಿನ ಹೊಟ್ಟೆಗೆ ಹೋಗುವುದು ತಪ್ಪುತ್ತಿತ್ತು.

ಮೂಗು ಒಂದೇ, ಕಾರಣ ಎರಡು

ಶೀತ ಅಥವಾ ನೆಗಡಿ ವೈರಸ್‌ನಿಂದ ಬರುವ ಸೋಂಕು. ಇದಕ್ಕೆ ಕಾರಣವಾಗುವ ವೈರಸ್‌ಗಳು ಇನ್ನೂರಕ್ಕೂ ಹೆಚ್ಚಿವೆ. ಅವುಗಳಲ್ಲಿ ರೈನೋವೈರಸ್ ಎಂಬ ಗುಂಪಿನದ್ದೇ ದೊಡ್ಡ ಪಾಲು. ಶೀತವಾದವರು ಸೀನಿದಾಗ, ಕೆಮ್ಮಿದಾಗ ಹಾರುವ ಹನಿಗಳಿಂದ, ಅವರ ಕೈ ತಗಲಿದ ಬಾಗಿಲ ಹಿಡಿಕೆ, ಲೋಟ, ಮೊಬೈಲ್‌ಗಳಿಂದ ಅದು ಇನ್ನೊಬ್ಬರಿಗೆ ಹರಡುತ್ತದೆ. ವೈರಸ್ ಒಳಹೊಕ್ಕ ಒಂದರಿಂದ ಮೂರು ದಿನಗಳಲ್ಲಿ ಗಂಟಲು ಕೆರೆತದೊಂದಿಗೆ ಶೀತ ತಲೆಯೆತ್ತುತ್ತದೆ. ದೇಹ ಅದರ ವಿರುದ್ಧ ಹೋರಾಡಿ ಗೆಲ್ಲುತ್ತದೆ, ಶೀತ ಹೋಗುತ್ತದೆ.

ಅಲರ್ಜಿಯಲ್ಲಿ ರೋಗಾಣುವೇ ಇರುವುದಿಲ್ಲ. ಧೂಳು, ಹೂವಿನ ಪರಾಗ, ಬೂಷ್ಟಿನ ಕಣ, ಬೆಕ್ಕಿನ ಮೈಯ ಹೊಟ್ಟು, ಇವು ಬಹುತೇಕ ಮಂದಿಗೆ ಯಾವ ತೊಂದರೆಯನ್ನೂ ಮಾಡುವುದಿಲ್ಲ. ಆದರೆ ಕೆಲವರ ದೇಹದ ರಕ್ಷಣಾ ವ್ಯವಸ್ಥೆ ಇವನ್ನೇ ಶತ್ರುವೆಂದು ತಪ್ಪಾಗಿ ಗುರುತಿಸಿಬಿಡುತ್ತದೆ. ಅವುಗಳ ವಿರುದ್ಧ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿಟ್ಟುಕೊಳ್ಳುತ್ತದೆ. ಮುಂದಿನ ಸಲ ಅದೇ ಕಣ ಮೂಗಿನೊಳಗೆ ಬಂದಾಗ ಅಲ್ಲಿನ ಜೀವಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಸುರಿಸುತ್ತವೆ. ತುರಿಕೆ, ಸೀನು, ನೀರಿನಂತಹ ಸಿಂಬಳ, ಕಣ್ಣೀರು ಎಲ್ಲವೂ ಇದರ ಪರಿಣಾಮ. ಇದೆಲ್ಲ ನಡೆಯಲು ಕೆಲವೇ ನಿಮಿಷ ಸಾಕು. ಕಾರಣವಾದ ವಸ್ತು ಗಾಳಿಯಲ್ಲಿ ಇರುವಷ್ಟು ಕಾಲ ಇದು ಮುಂದುವರಿಯುತ್ತದೆ.

ಹಾಗಾಗಿಯೇ ಶೀತ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ, ಅಲರ್ಜಿ ಹರಡುವುದಿಲ್ಲ. ಶೀತಕ್ಕೆ ವಿಶ್ರಾಂತಿ ಬೇಕು. ಅಲರ್ಜಿಗೆ ಕಾರಣ ಹುಡುಕಿ ದೂರ ಮಾಡಬೇಕು.

ಸಾವಿರ ವರ್ಷಗಳ ಹಿಂದಿನ ಗಮನಿಕೆ

ಶೀತದಂತೆಯೇ ಕಂಡರೂ ಶೀತವಲ್ಲದ ಈ ತೊಂದರೆಯನ್ನು ಬಹಳ ಹಿಂದೆಯೇ ಗಮನಿಸಿದವರಲ್ಲಿ ಪರ್ಷಿಯಾದ ಪ್ರಸಿದ್ಧ ವೈದ್ಯ ಅಬೂಬಕರ್ ಅಲ್ ರಾಝಿ ಒಬ್ಬರು. ಒಂಬತ್ತು ಮತ್ತು ಹತ್ತನೆಯ ಶತಮಾನದಲ್ಲಿ ಬದುಕಿದ್ದ ಅವರು ಅಬೂ ಝೈದ್ ಅಲ್ ಬಲ್ಖಿ ಎಂಬ ವಿದ್ವಾಂಸರಿಗೆ ವಸಂತದಲ್ಲಿ ಗುಲಾಬಿ ಅರಳುವ ಹೊತ್ತಿಗೆ ಮೂಗು ಸೋರುತ್ತಿದ್ದುದರ ಕುರಿತು ಒಂದು ಪುಟ್ಟ ಪ್ರಬಂಧವನ್ನೇ ಬರೆದಿದ್ದಾರೆ. ರೋಗಿಯ ಮೂಗನ್ನಷ್ಟೇ ನೋಡದೆ ಋತುವನ್ನೂ ಸುತ್ತಲಿನ ಹೂವನ್ನೂ ಅವರು ಗಮನಿಸಿದ್ದರು.

ಮುಂದೆ 1819ರಲ್ಲಿ ಲಂಡನ್ನಿನ ವೈದ್ಯ ಜಾನ್ ಬೋಸ್ಟಾಕ್, ಪ್ರತಿ ಬೇಸಿಗೆಯಲ್ಲೂ ತನ್ನನ್ನೇ ಕಾಡುತ್ತಿದ್ದ ಸೀನು ಮತ್ತು ಕಣ್ಣುರಿಯನ್ನು ವಿವರವಾಗಿ ಬರೆದಿಟ್ಟರು. ಒಣಹುಲ್ಲಿನ ವಾಸನೆಯೇ ಕಾರಣವೆಂದು ಜನ ನಂಬಿದ್ದರಿಂದ ಇಂಗ್ಲೆಂಡಿನಲ್ಲಿ ಇದಕ್ಕೆ 'ಒಣಹುಲ್ಲಿನ ಜ್ವರ' ಎಂಬ ಹೆಸರು ಬಂತು. ವಾಸ್ತವದಲ್ಲಿ ಅದರಲ್ಲಿ ಜ್ವರವಿಲ್ಲ, ಒಣಹುಲ್ಲಿನ ಪಾತ್ರವೂ ಇಲ್ಲ. ನಿಜವಾದ ಕಾರಣ ಹುಲ್ಲಿನ ಪರಾಗ ಎಂಬುದನ್ನು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1873ರಲ್ಲಿ ಪ್ರಕಟಿಸಿದರು. 'ಅಲರ್ಜಿ' ಎಂಬ ಪದವನ್ನು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಬಳಕೆಗೆ ತಂದದ್ದು 1906ರಲ್ಲಿ. ಇವರಲ್ಲಿ ಹೆಚ್ಚಿನವರಿಗೆ ದಾರಿ ತೋರಿಸಿದ್ದು ಸೂಕ್ಷ್ಮವಾದ ಗಮನಿಕೆಯೇ. ಅದನ್ನು ಮನೆಯಲ್ಲಿ ನಾವೂ ಮಾಡಬಹುದು.

ಮನೆಯಲ್ಲೇ ಕೇಳಿಕೊಳ್ಳಿ: ಏಳು ಪ್ರಶ್ನೆಗಳು

1. ತುರಿಕೆ ಇದೆಯೇ? ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಮೂಗು, ಕಣ್ಣು, ಅಂಗಳ, ಕೆಲವೊಮ್ಮೆ ಕಿವಿಯ ಒಳಗೂ ತುರಿಕೆ ಇದ್ದರೆ ಅಲರ್ಜಿಯ ಸಾಧ್ಯತೆ ಹೆಚ್ಚು. ಶೀತದಲ್ಲಿ ಗಂಟಲು ನೋಯುತ್ತದೆ, ಉರಿಯುತ್ತದೆ. ಆದರೆ ಕಣ್ಣು ತುರಿಸುವುದು ಅಪರೂಪ.

2. ಜ್ವರ, ಮೈಕೈ ನೋವು ಇದೆಯೇ? ಅಲರ್ಜಿಯಲ್ಲಿ ಜ್ವರ ಬರುವುದಿಲ್ಲ. ಶೀತದಲ್ಲಿ ದೊಡ್ಡವರಿಗೆ ಸಾಮಾನ್ಯವಾಗಿ ಜ್ವರವಿರುವುದಿಲ್ಲ ಅಥವಾ ಅಲ್ಪ ಪ್ರಮಾಣದಲ್ಲಿರುತ್ತದೆ. ಮಕ್ಕಳಿಗೆ ಮೊದಲ ಒಂದೆರಡು ದಿನ ಬರಬಹುದು. ಇದ್ದಕ್ಕಿದ್ದಂತೆ ಜೋರು ಜ್ವರ, ಚಳಿ, ವಿಪರೀತ ಮೈನೋವು ಬಂದರೆ ಅದು ಬರೀ ಶೀತವಲ್ಲದೆ ಫ್ಲೂ, ಕೋವಿಡ್ ಅಥವಾ ಬೇರೆ ಜ್ವರವಾಗಿರಬಹುದು.

3. ಎಷ್ಟು ದಿನವಾಯಿತು? ಶೀತ ಎರಡು ಮೂರನೆಯ ದಿನ ಜೋರಾಗಿರುತ್ತದೆ. ಆಮೇಲೆ ಇಳಿಯುತ್ತಾ ಬಂದು ಏಳರಿಂದ ಹತ್ತು ದಿನಗಳಲ್ಲಿ ಹೆಚ್ಚುಕಡಿಮೆ ವಾಸಿಯಾಗುತ್ತದೆ. ಕೆಮ್ಮು ಮಾತ್ರ ಇನ್ನೂ ಕೆಲವು ದಿನ ಉಳಿಯಬಹುದು. ಏರಿಳಿತವಿಲ್ಲದೆ ವಾರಗಟ್ಟಲೆ, ತಿಂಗಳುಗಟ್ಟಲೆ ಒಂದೇ ರೀತಿ ಸೋರುವ ಮೂಗು ಅಲರ್ಜಿಯ ಸೂಚನೆ.

4. ಹೇಗೆ ಶುರುವಾಯಿತು? ಶೀತ ಮೆಲ್ಲಗೆ ಬರುತ್ತದೆ. ಮೊದಲು ಗಂಟಲು ಕೆರೆತ, ಮರುದಿನ ಮೂಗು, ಆಮೇಲೆ ಕೆಮ್ಮು. ಅಲರ್ಜಿ ದಿಢೀರನೆ ಬರುತ್ತದೆ. ಅಟ್ಟದಿಂದ ಹಳೆಯ ಪೆಟ್ಟಿಗೆ ಇಳಿಸಿದೊಡನೆ, ಕಂಬಳಿ ಕೊಡವಿದೊಡನೆ ಒಂದರ ಹಿಂದೆ ಒಂದು ಹತ್ತು ಹದಿನೈದು ಸೀನು ಬಂದರೆ ಅದು ವೈರಸ್‌ನ ಕೆಲಸವಲ್ಲ.

5. ಯಾವ ಹೊತ್ತು, ಯಾವ ಜಾಗ? ಶೀತ ಮನೆಯಲ್ಲೂ ಶಾಲೆಯಲ್ಲೂ ಒಂದೇ ರೀತಿ ಇರುತ್ತದೆ. ಅಲರ್ಜಿಗೆ ಜಾಗದ ಗುರುತಿದೆ. ಹಾಸಿಗೆಯಿಂದ ಎದ್ದಾಗ ಜಾಸ್ತಿ, ಹೊರಗೆ ಹೋದರೆ ಕಡಿಮೆ ಎಂದಾದರೆ ಮನೆಯೊಳಗಿನ ಧೂಳನ್ನು ಶಂಕಿಸಿ. ಹೊಲಗದ್ದೆ, ಖಾಲಿ ಸೈಟುಗಳ ಬಳಿ ಹೋದಾಗ ಜಾಸ್ತಿಯಾದರೆ ಪರಾಗವನ್ನು ಶಂಕಿಸಿ. ರಜೆಯಲ್ಲಿ ತವರಿಗೆ ಹೋದಾಗ ಮಗುವಿನ 'ಶೀತ' ಮಾಯವಾಗುವುದುಂಟೇ? ಅದೂ ಒಂದು ಸುಳಿವು.

6. ಮನೆಯಲ್ಲಿ ಬೇರೆ ಯಾರಿಗಿದೆ? ಒಬ್ಬರ ನಂತರ ಒಬ್ಬರಿಗೆ ಬಂದರೆ ಶೀತ. ಒಬ್ಬರಿಗೇ ಮತ್ತೆ ಮತ್ತೆ ಬಂದು ಉಳಿದವರು ಆರಾಮವಾಗಿದ್ದರೆ ಅಲರ್ಜಿ. ತಂದೆ ಅಥವಾ ತಾಯಿಗೆ ದಮ್ಮು, ಅಲರ್ಜಿ, ತುರಿಕಜ್ಜಿಯ ಹಿನ್ನೆಲೆ ಇದ್ದರೆ ಮಗುವಿಗೂ ಬರುವ ಸಾಧ್ಯತೆ ಹೆಚ್ಚು.

7. ಸಿಂಬಳ ಹೇಗಿದೆ? ಅಲರ್ಜಿಯಲ್ಲಿ ಅದು ಕೊನೆಯವರೆಗೂ ನೀರಿನಂತೆ ತೆಳ್ಳಗಿರುತ್ತದೆ. ಶೀತದಲ್ಲಿ ಮೊದಲು ತೆಳ್ಳಗಿದ್ದು ಮೂರು ನಾಲ್ಕನೆಯ ದಿನಕ್ಕೆ ದಪ್ಪವಾಗಿ ಹಳದಿ, ಹಸಿರು ಬಣ್ಣಕ್ಕೆ ತಿರುಗಬಹುದು. ಬಣ್ಣ ಬದಲಾದ ಕೂಡಲೇ 'ಕಫ ಪಕ್ವವಾಗಿದೆ, ಆ್ಯಂಟಿಬಯೋಟಿಕ್ ಬೇಕು' ಎಂದು ಗಾಬರಿಯಾಗಬೇಡಿ. ಅದು ದೇಹದ ಬಿಳಿ ರಕ್ತಕಣಗಳು ಕೆಲಸ ಮಾಡುತ್ತಿರುವ ಗುರುತು. ಬಣ್ಣವೊಂದರಿಂದಲೇ ಬ್ಯಾಕ್ಟೀರಿಯಾ ಸೋಂಕು ಎಂದು ನಿರ್ಧರಿಸಲಾಗದು.

ಒಂದೇ ಉತ್ತರದಿಂದ ತೀರ್ಮಾನಕ್ಕೆ ಬರಬೇಡಿ, ಏಳನ್ನೂ ಸೇರಿಸಿ ನೋಡಿ. ಅಲರ್ಜಿ ಇರುವವರಿಗೂ ಶೀತ ಬರುತ್ತದೆ. ದಿನಾ ಸೀನುವವರಿಗೆ ಒಂದು ದಿನ ಗಂಟಲು ನೋವು, ಜ್ವರ ಸೇರಿಕೊಂಡರೆ ಅಲರ್ಜಿಯ ಮೇಲೆ ಶೀತವೂ ಬಂದಿದೆ ಎಂದರ್ಥ.

ಮಗುವಿನ ಮುಖವೇ ಹೇಳುತ್ತದೆ

ಚಿಕ್ಕ ಮಕ್ಕಳಿಗೆ 'ತುರಿಕೆ' ಎಂದು ಹೇಳಲು ಬರುವುದಿಲ್ಲ. ಆದರೆ ಅವರ ನಡವಳಿಕೆ ಹೇಳುತ್ತದೆ. ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜುವುದು ಅಲರ್ಜಿ ಇರುವ ಮಕ್ಕಳ ಅಭ್ಯಾಸ. ಸಲಾಮು ಹೊಡೆದಂತೆ ಕಾಣುವುದರಿಂದ ವೈದ್ಯರು ಅದನ್ನು 'ಅಲರ್ಜಿ ಸಲ್ಯೂಟ್' ಎನ್ನುತ್ತಾರೆ. ಹೀಗೆ ಉಜ್ಜಿ ಉಜ್ಜಿ ಮೂಗಿನ ಮೇಲೆ ಅಡ್ಡ ಗೆರೆಯೊಂದು ಮೂಡುವುದೂ ಇದೆ. ಕಣ್ಣಿನ ಕೆಳಗೆ ಕಪ್ಪು ಛಾಯೆ, ಬಾಯಿ ತೆರೆದು ಮಲಗುವುದು, ಗೊರಕೆ, ನಾಲಗೆಯಿಂದ ಅಂಗಳವನ್ನು ಕೆರೆದು ಸದ್ದು ಮಾಡುವುದು, ಇವೂ ಗುರುತುಗಳೇ.

ಇಲ್ಲಿ ಇನ್ನೊಂದು ಮಾತು. ಶಾಲೆ, ಅಂಗನವಾಡಿಗೆ ಹೋಗುವ ಆರೋಗ್ಯವಂತ ಮಗುವಿಗೆ ವರ್ಷಕ್ಕೆ ಆರರಿಂದ ಎಂಟು ಸಲ ಶೀತ ಬರುವುದು ಸಹಜ. ದೊಡ್ಡವರಿಗೆ ಎರಡು ಮೂರು ಸಲ. ಹಾಗಾಗಿ ಪದೇ ಪದೇ ಶೀತ ಬಂದ ಮಾತ್ರಕ್ಕೆ ಮಗು 'ವೀಕ್' ಎಂದೋ ಅಲರ್ಜಿ ಎಂದೋ ಹಣೆಪಟ್ಟಿ ಹಚ್ಚಬೇಡಿ. ಎರಡು ಶೀತಗಳ ನಡುವೆ ಮಗು ಪೂರ್ತಿ ಗುಣವಾಗಿ ಆಡುತ್ತದೆಯೇ ಎಂಬುದನ್ನು ನೋಡಿ. ನಡುವೆಯೂ ಸೀನು, ತುರಿಕೆ ಉಳಿದಿದ್ದರೆ ಆಗ ಅಲರ್ಜಿಯ ಬಗ್ಗೆ ಯೋಚಿಸಿ.

ನಮ್ಮ ಮನೆಯ ಗಾಳಿಯಲ್ಲಿ ಏನಿದೆ?

ಧೂಳಿನ ಹುಳ: ವೈದ್ಯರು ಡಸ್ಟ್ ಮೈಟ್ ಎನ್ನುವ ಈ ಜೀವಿಯ ಉದ್ದ ಸುಮಾರು 0.3 ಮಿಲಿಮೀಟರ್. ಬರಿಗಣ್ಣಿಗೆ ಕಾಣುವುದು ಕಷ್ಟ. ನಮ್ಮ ಚರ್ಮದಿಂದ ಉದುರುವ ಹೊಟ್ಟೇ ಅದರ ಆಹಾರ. ಹಾಸಿಗೆ, ದಿಂಬು, ಸೋಫಾ, ರತ್ನಗಂಬಳಿ, ಬಟ್ಟೆಯ ಗೊಂಬೆಗಳಲ್ಲಿ ಅದು ವಾಸಿಸುತ್ತದೆ. ಅದು ಕಚ್ಚುವುದಿಲ್ಲ. ಅದರ ಹಿಕ್ಕೆಯ ಕಣಗಳು ಗಾಳಿಗೆ ಸೇರಿ ಅಲರ್ಜಿ ತರುತ್ತವೆ. ತೇವವಿರುವ ಗಾಳಿ ಅದಕ್ಕೆ ಬಲು ಇಷ್ಟ. ಹಾಗಾಗಿ ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಅದಕ್ಕೆ ವರ್ಷವಿಡೀ ಅನುಕೂಲ.

ಬೂಷ್ಟು: ಮಳೆಗಾಲದಲ್ಲಿ ಗೋಡೆಯ ಮೂಲೆ, ಬಚ್ಚಲು, ಕಪಾಟಿನ ಹಿಂಭಾಗ, ಚರ್ಮದ ಚಪ್ಪಲಿ, ಒಣಗದೆ ಮಡಚಿಟ್ಟ ಬಟ್ಟೆಗಳಲ್ಲಿ ಬೆಳೆಯುತ್ತದೆ. ಅದರ ಸೂಕ್ಷ್ಮ ಕಣಗಳು ಉಸಿರಿನೊಂದಿಗೆ ಒಳಹೋಗುತ್ತವೆ.

ಕಾಂಗ್ರೆಸ್ ಗಿಡ: 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಪಾರ್ಥೇನಿಯಂ ಎಂಬ ಈ ಕಳೆ ಇಂದು ಕರ್ನಾಟಕದ ಬಯಲುಸೀಮೆಯ ರಸ್ತೆ ಬದಿ, ಖಾಲಿ ಸೈಟು, ಶಾಲಾ ಮೈದಾನಗಳನ್ನೆಲ್ಲ ಆವರಿಸಿದೆ. ಮುಟ್ಟಿದರೆ ಕೆಲವರಿಗೆ ಚರ್ಮದ ತುರಿಕೆ, ಪರಾಗ ಮೂಗಿಗೆ ಹೋದರೆ ಸೀನು. 1991ರಲ್ಲಿ ಪ್ರಕಟವಾದ ಬೆಂಗಳೂರಿನ ಒಂದು ಅಧ್ಯಯನದಲ್ಲಿ ಮೂಗಿನ ಅಲರ್ಜಿಯಿಂದ ಬಳಲುತ್ತಿದ್ದ ರೋಗಿಗಳ ಪೈಕಿ ಶೇಕಡಾ 34ರಷ್ಟು ಮಂದಿಯ ಚರ್ಮದ ಪರೀಕ್ಷೆಯಲ್ಲಿ ಈ ಗಿಡದ ಪರಾಗಕ್ಕೆ ಪ್ರತಿಕ್ರಿಯೆ ಕಂಡುಬಂದಿತ್ತು. ಹೂ ಬಿಡುವ ಮೊದಲೇ ಇದನ್ನು ಬೇರು ಸಮೇತ ಕೀಳಬೇಕು. ಕೈಗವಸು ಮತ್ತು ಮಾಸ್ಕ್ ಧರಿಸಿ ಕೀಳಬೇಕು. ಅಲರ್ಜಿ ಇರುವವರು ಈ ಕೆಲಸಕ್ಕೆ ಇಳಿಯಲೇಬಾರದು.

ಪ್ರಾಣಿ, ಕೀಟ: ಬೆಕ್ಕು, ನಾಯಿ, ಪಾರಿವಾಳಗಳ ಮೈಯ ಕಣಗಳು, ಜಿರಳೆಯ ಹಿಕ್ಕೆ ಕೂಡ ಅಲರ್ಜಿ ತರುತ್ತವೆ.

ಹೊಗೆ ಮತ್ತು ಪರಿಮಳ: ಸೊಳ್ಳೆ ಬತ್ತಿ, ಸಿಗರೇಟು, ಸೌದೆ ಒಲೆಯ ಹೊಗೆ ಮತ್ತು ನಾವು ಪ್ರೀತಿಯಿಂದ ಹಾಕುವ ಲೋಬಾನ, ಊದಿನ ಹೊಗೆ ಅಲರ್ಜಿಯ ಮೂಲ ಕಾರಣವಲ್ಲದಿದ್ದರೂ ಈಗಾಗಲೇ ಕೆರಳಿರುವ ಮೂಗನ್ನು ಇನ್ನಷ್ಟು ಕೆರಳಿಸುತ್ತವೆ. ಗಾಢವಾದ ಅತ್ತರ್ ಕೂಡ ಹಾಗೆಯೇ. ದಮ್ಮು, ಅಲರ್ಜಿ ಇರುವವರು ಮನೆಯಲ್ಲಿದ್ದರೆ ಮುಚ್ಚಿದ ಕೋಣೆಯಲ್ಲಿ ಲೋಬಾನ ಹಾಕುವುದನ್ನು ಬಿಡುವುದೇ ಒಳ್ಳೆಯದು.

ತಪ್ಪಾಗಿ ಗುರುತಿಸಿದರೆ ಏನಾಗುತ್ತದೆ?

'ಶೀತ ತಾನೇ, ಯಾವುದಾದರೇನು?' ಎಂದು ಕೇಳುವವರಿದ್ದಾರೆ. ಬೆಲೆ ತೆರುವುದು ಮೂರು ಕಡೆ.

ಮೊದಲನೆಯದು ಆ್ಯಂಟಿಬಯೋಟಿಕ್. ಅದು ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಶೀತದ ವೈರಸ್ ಮೇಲೆ ಅದರ ಪ್ರಭಾವವಿಲ್ಲ, ಅಲರ್ಜಿಯಲ್ಲಿ ಕೊಲ್ಲಲು ರೋಗಾಣುವೇ ಇಲ್ಲ. ಆದರೂ ಕಳೆದ ಸಲದ ಚೀಟಿ ತೋರಿಸಿ, ಪಕ್ಕದ ಮನೆಯವರ ಬಾಟಲಿ ಕೇಳಿ ಪಡೆದು ನಾವು ಕೊಡುತ್ತೇವೆ. ಭೇದಿ, ಮೈಮೇಲೆ ದದ್ದು ಮುಂತಾದ ತೊಂದರೆ ಒಂದು ಕಡೆ. ಬ್ಯಾಕ್ಟೀರಿಯಾಗಳು ಔಷಧಿಗೆ ಒಗ್ಗಿಹೋಗಿ, ನಾಳೆ ನ್ಯುಮೋನಿಯಾದಂತಹ ನಿಜವಾದ ಕಾಯಿಲೆ ಬಂದಾಗ ಅದೇ ಔಷಧಿ ಕೆಲಸ ಮಾಡದಿರುವ ಅಪಾಯ ಇನ್ನೊಂದು ಕಡೆ.

ಎರಡನೆಯದು ದಮ್ಮು. ಮೂಗು ಮತ್ತು ಶ್ವಾಸಕೋಶ ಒಂದೇ ಉಸಿರಿನ ದಾರಿಯ ಎರಡು ತುದಿಗಳು. ಮೂಗಿನ ಅಲರ್ಜಿ ಇರುವವರಿಗೆ ಮುಂದೆ ದಮ್ಮು ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ದಮ್ಮು ಇರುವವರಲ್ಲಿ ಬಹುಪಾಲು ಮಂದಿಗೆ ಮೂಗಿನ ಅಲರ್ಜಿಯೂ ಇರುತ್ತದೆ. ಮೂಗನ್ನು ಹತೋಟಿಯಲ್ಲಿಟ್ಟರೆ ದಮ್ಮನ್ನು ಹತೋಟಿಯಲ್ಲಿಡುವುದೂ ಸುಲಭ. ಮೂಗು ಕಟ್ಟಿ ರಾತ್ರಿ ನಿದ್ದೆಗೆಟ್ಟ ಮಗು ತರಗತಿಯಲ್ಲಿ ತೂಕಡಿಸುತ್ತದೆ. 'ಓದಿನಲ್ಲಿ ಆಸಕ್ತಿಯಿಲ್ಲ' ಎಂದು ನಾವು ಬೈಯುತ್ತೇವೆ!

ಮೂರನೆಯದು ಇದಕ್ಕೆ ವಿರುದ್ಧವಾದ ತಪ್ಪು. 'ನನಗೆ ಅಲರ್ಜಿ ಅಷ್ಟೇ' ಎಂದುಕೊಂಡು ಸೋಂಕು ಇರುವವರು ಬಾಣಂತಿಯನ್ನು ನೋಡಲು ಹೋಗುವುದು, ನವಜಾತ ಶಿಶುವನ್ನು ಎತ್ತಿ ಮುತ್ತಿಡುವುದು, ಹಾಸಿಗೆ ಹಿಡಿದ ಅಜ್ಜನ ಪಕ್ಕ ಕುಳಿತು ಕೆಮ್ಮುವುದು. ದೊಡ್ಡವರಿಗೆ ಸಾಮಾನ್ಯ ಶೀತವಾಗಿ ಮುಗಿಯುವ ವೈರಸ್ ಪುಟ್ಟ ಮಗುವಿನ ಎದೆಗಿಳಿದರೆ ಆಸ್ಪತ್ರೆ ಸೇರಬೇಕಾದೀತು. ತುರಿಕೆಯಿಲ್ಲದೆ ಗಂಟಲು ನೋವಿನೊಂದಿಗೆ ಹೊಸದಾಗಿ ಶುರುವಾದ ಸೀನನ್ನು ಶೀತವೆಂದೇ ಭಾವಿಸಿ ದೂರ ಇರುವುದು ಕ್ಷೇಮ.

ಶೀತವಾದರೆ

ವಿಶ್ರಾಂತಿ, ಬೆಚ್ಚಗಿನ ನೀರು, ಗಂಜಿ, ಸೂಪು, ದೊಡ್ಡವರಾದರೆ ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸುವುದು, ಇಷ್ಟೇ ಸಾಕು. ಜ್ವರ, ನೋವಿಗೆ ವಯಸ್ಸು ಮತ್ತು ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್. ಒಂದು ವರ್ಷ ದಾಟಿದ ಮಕ್ಕಳಿಗೆ ರಾತ್ರಿ ಕೆಮ್ಮಿಗೆ ಅರ್ಧ ಚಮಚ ಜೇನು ಕೊಡಬಹುದು. ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಜೇನು ಕೊಡಲೇಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಶಿಶುಗಳಿಗೆ ಅಪಾಯಕಾರಿ. ಮೊಲೆಹಾಲು ಕುಡಿಯುವ ಮಗುವಿಗೆ ಹಾಲು ನಿಲ್ಲಿಸಬೇಡಿ. ಮೂಗು ಕಟ್ಟಿದ್ದರೆ ಔಷಧಿ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಹನಿಯನ್ನು ಹಾಲೂಡುವ ಮೊದಲು ಬಿಡಿ.

ಶೀತದ ಸಿರಪ್‌ಗಳ ಬಗ್ಗೆ ಎಚ್ಚರವಿರಲಿ. ಕ್ಲೋರ್ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಎರಡೂ ಸೇರಿದ ಸಿರಪ್‌ಗಳನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂದು ಲೇಬಲ್ ಮೇಲೆ ಎಚ್ಚರಿಕೆ ಹಾಕಬೇಕೆಂದು ಕೇಂದ್ರದ ಔಷಧ ನಿಯಂತ್ರಣ ಇಲಾಖೆ 2023ರ ಡಿಸೆಂಬರ್‌ನಲ್ಲಿ ಸೂಚಿಸಿದೆ. ಬಾಟಲಿಯ ಮೇಲಿನ ಹೆಸರುಗಳನ್ನು ಓದಿ. ಕುದಿಯುವ ನೀರಿನ ಪಾತ್ರೆಯ ಮುಂದೆ ಮಕ್ಕಳನ್ನು ಕೂರಿಸಿ ಹಬೆ ಕೊಡಬೇಡಿ. ನೀರು ಮೈಮೇಲೆ ಚೆಲ್ಲಿ ಸುಟ್ಟ ಗಾಯಗಳೊಂದಿಗೆ ಆಸ್ಪತ್ರೆಗೆ ಬರುವ ಮಕ್ಕಳಿದ್ದಾರೆ. ಕರ್ಪೂರ ಇರುವ ಮುಲಾಮನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಹಚ್ಚಬೇಡಿ, ಯಾರ ಮೂಗಿನ ಹೊಳ್ಳೆಯೊಳಗೂ ಹಾಕಬೇಡಿ.

ಹರಡದಂತೆ ತಡೆಯಲು ಸಾಬೂನು ಹಾಕಿ 20 ಸೆಕೆಂಡ್ ಕೈ ತೊಳೆಯುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಸೀನುವಾಗ ಮುಖ ಮುಚ್ಚಿಕೊಳ್ಳುವುದು ಪ್ರವಾದಿ(ಸ)ಯವರ ಚರ್ಯೆ. ಟಿಶ್ಯೂ ಅಥವಾ ಕರವಸ್ತ್ರ ಇಲ್ಲದಿದ್ದರೆ ಮೊಣಕೈಯ ಮಡಿಲಲ್ಲಿ ಸೀನುವುದನ್ನು ಮಕ್ಕಳಿಗೆ ಕಲಿಸಿ.

ಅಲರ್ಜಿಯಾದರೆ: ಮೊದಲು ಮಲಗುವ ಕೋಣೆ

ಇಡೀ ಮನೆಯನ್ನು ಧೂಳುಮುಕ್ತ ಮಾಡುವುದು ಆಗದ ಮಾತು. ನಾವು ಎಂಟು ಗಂಟೆ ಕಳೆಯುವ ಮಲಗುವ ಕೋಣೆಯಿಂದ ಶುರು ಮಾಡಿ.

ಹಾಸಿಗೆ ಹೊದಿಕೆ, ದಿಂಬಿನ ಕವರ್, ಬೆಡ್‌ಶೀಟನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. 55ರಿಂದ 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಧೂಳಿನ ಹುಳಗಳು ಸಾಯುತ್ತವೆ. ಹಾಸಿಗೆ, ದಿಂಬು, ಕಂಬಳಿಯನ್ನು ಬಿಸಿಲಿಗೆ ಹಾಕುವ ನಮ್ಮ ಅಜ್ಜಿಯರ ಪದ್ಧತಿ ಬಹಳ ಒಳ್ಳೆಯದು. ತೇವ ಆರಿದರೆ ಹುಳ ಬದುಕುವುದು ಕಷ್ಟ. ಆದರೆ ಬಡಿದು ಕೊಡವುವ ಕೆಲಸವನ್ನು ಅಲರ್ಜಿ ಇರುವವರು ಮಾಡಬಾರದು. ಎಷ್ಟೋ ಮನೆಗಳಲ್ಲಿ ಸೀನುತ್ತಲೇ ಕಸ ಗುಡಿಸುವವರು ತಾಯಂದಿರೇ. ಈ ಕೆಲಸವನ್ನು ಮನೆಯ ಬೇರೆಯವರು, ಗಂಡಸರೂ ಸೇರಿ, ವಹಿಸಿಕೊಳ್ಳಬೇಕು. ಒಣ ಪೊರಕೆಯ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಧೂಳು ಹಾರುವುದಿಲ್ಲ. ಫ್ಯಾನಿನ ರೆಕ್ಕೆ, ಎ.ಸಿ.ಯ ಫಿಲ್ಟರ್ ಶುಚಿಗೊಳಿಸಿ. ನಮಾಝಿನ ಮುಸಲ್ಲಾವನ್ನೂ ಬೆಡ್‌ಶೀಟಿನ ಜೊತೆ ಒಗೆಯಲು ಹಾಕಿ. ಸುಜೂದಿನಲ್ಲಿ ಮೂಗು ತಾಗುವುದು ಅದಕ್ಕೇ ಅಲ್ಲವೇ? ಮಸೀದಿಯ ದಪ್ಪ ಕಾರ್ಪೆಟ್‌ಗಳನ್ನು ಆಗಾಗ ವ್ಯಾಕ್ಯೂಮ್ ಮಾಡಿಸುವ ಬಗ್ಗೆ ಆಡಳಿತ ಸಮಿತಿಯವರು ಯೋಚಿಸಬಹುದು.

ಬೂಷ್ಟು ಹಿಡಿದ ಗೋಡೆಗೆ ಬರೀ ಬಣ್ಣ ಬಳಿದರೆ ಮುಂದಿನ ಮಳೆಗೆ ಮತ್ತೆ ಬರುತ್ತದೆ. ನೀರು ಎಲ್ಲಿಂದ ಜಿನುಗುತ್ತಿದೆ ಎಂದು ಹುಡುಕಿ ಸರಿಪಡಿಸಿ. ಮಂಚವನ್ನು ಆ ಗೋಡೆಯಿಂದ ದೂರ ಸರಿಸಿ. ಒದ್ದೆ ಬಟ್ಟೆಗಳನ್ನು ಮಲಗುವ ಕೋಣೆಯಲ್ಲಿ ಒಣಹಾಕಬೇಡಿ.

ಔಷಧಿಗಳ ವಿಚಾರ

ಅಲರ್ಜಿಗೆ ಒಳ್ಳೆಯ ಚಿಕಿತ್ಸೆಗಳಿವೆ, ಆದರೆ ವೈದ್ಯರ ಸಲಹೆ ಬೇಕು. ಹಿಸ್ಟಮಿನ್ ತಡೆಯುವ ಮಾತ್ರೆಗಳು ಸೀನು, ತುರಿಕೆಯನ್ನು ಬೇಗ ಕಡಿಮೆ ಮಾಡುತ್ತವೆ. ಇವುಗಳಲ್ಲಿ ಹಳೆಯ ಬಗೆಯವು ನಿದ್ದೆ ತರುವುದು ಹೆಚ್ಚು, ಸೆಟ್ರಿಜಿನ್ ಕೂಡ ಕೆಲವರಿಗೆ ಮಂಪರು ತರುತ್ತದೆ. ವಾಹನ ಓಡಿಸುವವರು ಎಚ್ಚರದಿಂದಿರಬೇಕು. ಆಗಾಗ ಕಾಡುವ ಅಲರ್ಜಿಗೆ ಮೂಗಿಗೆ ಹೊಡೆಯುವ ಸ್ಟಿರಾಯ್ಡ್ ಸ್ಪ್ರೇ ಹೆಚ್ಚು ಪರಿಣಾಮಕಾರಿ. ಸ್ಟಿರಾಯ್ಡ್ ಎಂಬ ಹೆಸರು ಕೇಳಿ ಹೆದರಬೇಕಿಲ್ಲ. ಪ್ರಮಾಣ ಬಹಳ ಕಡಿಮೆ, ಕೆಲಸ ಮೂಗಿನಲ್ಲೇ. ಪೂರ್ತಿ ಫಲ ಕಾಣಲು ಒಂದೆರಡು ವಾರ ಬೇಕು, ಎರಡು ದಿನ ಹೊಡೆದು 'ಉಪಯೋಗವಿಲ್ಲ' ಎಂದು ಬಿಡಬೇಡಿ. ಸ್ಪ್ರೇಯ ತುದಿ ಮೂಗಿನ ನಡುವಿನ ಗೋಡೆಗಲ್ಲ, ಹೊರಬದಿಗೆ, ಅಂದರೆ ಆ ಕಡೆಯ ಕಿವಿಯತ್ತ ತಿರುಗಿರಲಿ.

ಕಟ್ಟಿದ ಮೂಗನ್ನು ಕ್ಷಣದಲ್ಲಿ ತೆರೆಯುವ ಹನಿಗಳು ಬೇರೆ. ಅವನ್ನು ಮೂರರಿಂದ ಐದು ದಿನಕ್ಕಿಂತ ಹೆಚ್ಚು ಬಳಸಿದರೆ ಹನಿ ಬಿಟ್ಟೊಡನೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟಿಕೊಳ್ಳುತ್ತದೆ. ವರ್ಷಗಟ್ಟಲೆ ಜೇಬಿನಲ್ಲಿ ಆ ಬಾಟಲಿ ಇಟ್ಟುಕೊಂಡು ತಿರುಗುವವರು ಈ ಬಲೆಗೆ ಬಿದ್ದವರು.

ಉಪ್ಪುನೀರಿನಲ್ಲಿ ಮೂಗು ತೊಳೆಯುವುದೂ ಒಳ್ಳೆಯದು. ಆದರೆ ಕುದಿಸಿ ಆರಿಸಿದ ನೀರನ್ನಷ್ಟೇ ಬಳಸಿ. ಕೇರಳದಲ್ಲಿ ಇತ್ತೀಚಿನ ವರ್ಷಗಳಲ್ಲಿ ಸುದ್ದಿಯಾದ ಮಿದುಳು ತಿನ್ನುವ ಅಮೀಬಾ ಮೂಗಿನ ಮೂಲಕವೇ ಒಳಹೋಗುವಂಥದ್ದು. ವುಝೂವಿಗೂ ಕೆರೆ, ಶುಚಿಗೊಳಿಸದ ಟ್ಯಾಂಕಿನ ನೀರನ್ನು ಮೂಗಿನೊಳಗೆ ಆಳವಾಗಿ ಎಳೆದುಕೊಳ್ಳಬೇಡಿ. ಟ್ಯಾಂಕ್ ತೊಳೆದು ಕ್ಲೋರಿನ್ ಹಾಕಿಸಿ.

ರಮಝಾನಿನಲ್ಲಿ ಔಷಧಿ ಪೂರ್ತಿ ನಿಲ್ಲಿಸುವವರಿದ್ದಾರೆ. ದಿನಕ್ಕೊಮ್ಮೆಯ ಮಾತ್ರೆ ಮತ್ತು ಸ್ಪ್ರೇಯನ್ನು ಇಫ್ತಾರ್ ನಂತರಕ್ಕೆ ಹೊಂದಿಸಿಕೊಳ್ಳಲು ಸಾಮಾನ್ಯವಾಗಿ ಸಾಧ್ಯ. ತಿಂಗಳು ಶುರುವಾಗುವ ಮೊದಲೇ ವೈದ್ಯರ ಬಳಿ ಮಾತಾಡಿ.

ಇಷ್ಟಾದರೂ ಹತೋಟಿಗೆ ಬಾರದಿದ್ದರೆ ತಜ್ಞರು ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆ ಅಥವಾ ರಕ್ತ ಪರೀಕ್ಷೆಯಿಂದ ಕಾರಣ ಹುಡುಕುತ್ತಾರೆ. ಅದೇ ವಸ್ತುವನ್ನು ಅಲ್ಪ ಪ್ರಮಾಣದಲ್ಲಿ ಕೊಡುತ್ತಾ ದೇಹವನ್ನು ಒಗ್ಗಿಸುವ ಚಿಕಿತ್ಸೆಯೂ ಇದೆ. ಅದಕ್ಕೆ ಮೂರರಿಂದ ಐದು ವರ್ಷದ ತಾಳ್ಮೆ ಬೇಕು.

ತಡಮಾಡದೆ ವೈದ್ಯರ ಬಳಿ ಹೋಗಬೇಕಾದದ್ದು

• ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ.
• ಉಸಿರಾಟ ವೇಗವಾಗಿದ್ದರೆ. ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60, ಎರಡರಿಂದ ಹನ್ನೆರಡು ತಿಂಗಳಿಗೆ 50, ಒಂದರಿಂದ ಐದು ವರ್ಷಕ್ಕೆ 40 ಅಥವಾ ಹೆಚ್ಚು.
• ಉಸಿರಾಡುವಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆದರೆ, ಎದೆಯಲ್ಲಿ ಸಿಳ್ಳೆಯಂತಹ ಸದ್ದು ಬಂದರೆ, ತುಟಿ ನೀಲಿಗಟ್ಟಿದರೆ, ಮಗು ಹಾಲು ಕುಡಿಯದಿದ್ದರೆ.
• ಜ್ವರ ಮೂರು ದಿನ ದಾಟಿದರೆ, ಅಥವಾ ಶೀತ ಕಡಿಮೆಯಾಗಿ ಮತ್ತೆ ಜ್ವರ ಏರಿದರೆ.
• ಹತ್ತು ದಿನ ಕಳೆದರೂ ಕಡಿಮೆಯಾಗದ ದಪ್ಪ ಸಿಂಬಳ, ಮುಖದ ನೋವು, ಕಿವಿ ನೋವು.
• ಮಗುವಿನ ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸ್ರಾವ. ಮಣಿಯೋ ಬೀಜವೋ ಒಳಗೆ ಸಿಕ್ಕಿರಬಹುದು, ಮನೆಯಲ್ಲಿ ತೆಗೆಯಲು ಹೋಗಬೇಡಿ.
• ಎರಡು ವಾರ ದಾಟಿದ ಕೆಮ್ಮು. ಅಲರ್ಜಿಯೆಂದು ಸುಮ್ಮನಿರದೆ ಕ್ಷಯದ ಪರೀಕ್ಷೆ ಮಾಡಿಸಿ. ಸರಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ.

ಒಂದು ಪುಟ್ಟ ಪುಸ್ತಕ

ಮಗುವಿಗೆ ಮತ್ತೆ ಮತ್ತೆ ಮೂಗು ಸೋರುತ್ತಿದ್ದರೆ ಅಡುಗೆಮನೆಯ ಕ್ಯಾಲೆಂಡರಿನಲ್ಲೋ ಒಂದು ಸಣ್ಣ ಪುಸ್ತಕದಲ್ಲೋ ನಾಲ್ಕು ವಾರ ಬರೆದಿಡಿ: ಎಂದು ಶುರುವಾಯಿತು, ದಿನದ ಯಾವ ಹೊತ್ತು, ಜ್ವರ ಇತ್ತೇ, ತುರಿಕೆ ಇತ್ತೇ, ಎಲ್ಲಿದ್ದಾಗ ಹೆಚ್ಚಾಯಿತು, ಯಾವ ಔಷಧಿ ಕೊಟ್ಟಿರಿ. ಔಷಧಿಯ ಚೀಲದ ಬದಲು ಈ ಪುಸ್ತಕವನ್ನು ವೈದ್ಯರ ಮುಂದಿಡಿ. ಅವರಿಗೆ ಬೇಕಾದದ್ದು ಅದೇ.

ಆ ತಾಯಿ ಮನೆಗೆ ಹೋಗಿ ಮೊದಲು ಮಾಡಬೇಕಾದ ಕೆಲಸವೂ ದೊಡ್ಡದೇನಲ್ಲ. ಮಂಚವನ್ನು ತೇವದ ಗೋಡೆಯಿಂದ ಸರಿಸಬೇಕು, ಬಿಸಿಲು ಬಂದ ದಿನ ಹಳೆಯ ಹಾಸಿಗೆಯನ್ನು ಅಂಗಳಕ್ಕೆ ತರಬೇಕು, ವೈದ್ಯರು ಬರೆದ ಸ್ಪ್ರೇಯನ್ನು ಬಿಡದೆ ಹೊಡೆಯಬೇಕು. ಚೀಲದಲ್ಲಿ ಉಳಿದ ಆ್ಯಂಟಿಬಯೋಟಿಕ್ ಬಾಟಲಿಗಳನ್ನು ಮುಂದಿನ ಶೀತಕ್ಕೆಂದು ಎತ್ತಿಡದಿದ್ದರೆ ಅರ್ಧ ಚಿಕಿತ್ಸೆ ಆದಂತೆಯೇ.